ಫರ್ಮ್‌ವೇರ್‌ಗೆ ಮತ್ತೆ ಕಾಸು ಕೊಡಬೇಕಾ?

ಪ್ರಶ್ನೆ: ನಾನು ವಿಜಯನಗರದವನು. ಹಗಲು ಐಟಿ ಕೆಲಸ, ರಾತ್ರಿ ಮನೆಯಲ್ಲೇ ಸಂಗೀತ. 3 ವರ್ಷದ ಹಿಂದೆ 58,000 ರೂಪಾಯಿ ಕೊಟ್ಟು ಒಂದು ಗ್ರೂವ್‌ಬಾಕ್ಸ್ (ಡ್ರಮ್, ಬಾಸ್ ಎಲ್ಲ ಕೂಡಿಸಿ ಸಂಗೀತ ಕಟ್ಟುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ತಗೊಂಡೆ. ಮೊದಲೆರಡು ವರ್ಷ ಆಗಾಗ ಹೊಸ ಫರ್ಮ್‌ವೇರ್, ಅಂದರೆ ಅದರೊಳಗೆ ಓಡುವ ಸಾಫ್ಟ್‌ವೇರ್, ಬರುತ್ತಿತ್ತು, ಅದೂ ಪುಕ್ಕಟೆ. ಈಗ ಒಂದು ವರ್ಷದಿಂದ ಸದ್ದೇ ಇಲ್ಲ. ಒಂದು ಬಗ್ ಹಾಗೇ ಉಳಿದಿದೆ. ಬೀಟ್‌ಗಿಂತ ಸ್ವಲ್ಪ ಮುಂಚೆ ಬೀಳುವ ಹಾಗೆ ಇಟ್ಟಿರುವ ಮೊದಲ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳದ ಸದ್ದು), ಪ್ಯಾಟರ್ನ್ (ಸುತ್ತಿ ಸುತ್ತಿ ಬರುವ ಲಯದ ತುಣುಕು) ಬದಲಾದಾಗ ನುಂಗಿಹೋಗುತ್ತದೆ. ವರ್ಷಕ್ಕೆ ಒಂದೆರಡು ಸಾವಿರ ಕೇಳಿದರೂ ಕೊಡ್ತೀನಿ, ಅಪ್‌ಡೇಟ್ ಬರುತ್ತಿರಲಿ ಅನ್ನೋದು ನನ್ನ ವಾದ. ಒಂದು ಸಲ ದುಡ್ಡು ಕೊಟ್ಟ ಮೇಲೆ ಮತ್ತೆ ಕೇಳೋದು ಸುಲಿಗೆ ಅಂತ ನನ್ನ ಗೆಳೆಯ. ಯಾರು ಸರಿ?

ಉತ್ತರ: ಮೊದಲು ನಿಮ್ಮ ಹೈಹ್ಯಾಟ್ ನೋಡೋಣ. ನಿಮ್ಮಿಬ್ಬರ ಜಗಳ ಪೂರ್ತಿ ಅದರೊಳಗೇ ಇದೆ.

120 ಟೆಂಪೋದಲ್ಲಿ, ಅಂದರೆ ನಿಮಿಷಕ್ಕೆ 120 ಬೀಟ್ ಇದ್ದಾಗ, ಒಂದು ಸ್ಟೆಪ್ (ಬೀಟ್‌ನ ಕಾಲು ಭಾಗ) ಅಂದರೆ 125 ಮಿಲಿಸೆಕೆಂಡ್. ನೀವು ಆ ಏಟನ್ನು ಬಹುಶಃ 20 ಮಿಲಿಸೆಕೆಂಡ್ ಮುಂಚೆ ಎಳೆದಿದ್ದೀರಿ. ನಮ್ಮ ಸಂಗೀತದಲ್ಲಿ ಅತೀತ ಎಡುಪು ಅಂತೀವಲ್ಲ, ತಾಳದ ಆವರ್ತ ಶುರುವಾಗುವ ಮುಂಚೆಯೇ ಹಾಡು ಎತ್ತಿಕೊಳ್ಳುವುದು, ಅದೇ ಥರ. ನಿಮ್ಮ ಕಿವಿಗೆ ಅದು ಹೊಸ ಪ್ಯಾಟರ್ನ್‌ನ ಏಟು. ಆದರೆ ಆ ಹೊತ್ತಿನಲ್ಲಿ ಯಂತ್ರದೊಳಗೆ ಇನ್ನೂ ಹಳೇ ಪ್ಯಾಟರ್ನ್ ಓಡುತ್ತಿರುತ್ತದೆ. ಒಂದನೇ ಸ್ಟೆಪ್ ಬಂದ ಮೇಲಷ್ಟೇ ಅದು ಹೊಸದನ್ನು ಕೈಗೆತ್ತಿಕೊಳ್ಳುವುದು. ಅಷ್ಟೊತ್ತಿಗೆ ಆ ಏಟಿನ ಗಳಿಗೆ ಮುಗಿದಿರುತ್ತದೆ. ಒಂದೇ ಪ್ಯಾಟರ್ನ್ ಸುತ್ತುತ್ತಿದ್ದರೆ ತೊಂದರೆ ಇಲ್ಲ, ಏಟು ಹಿಂದಿನ ಸುತ್ತಿನ ಬಾಲಕ್ಕೆ ಅಂಟಿಕೊಂಡು ಬಿದ್ದುಬಿಡುತ್ತದೆ. ಬದಲಾಯಿಸಿದಾಗ ಮಾತ್ರ ಕೇಳಿಸಲ್ಲ. ನೀವು ಬರೆದ ಲಕ್ಷಣಕ್ಕೆ ಇದು ಸರಿಯಾಗಿ ಕೂರುತ್ತದೆ.

ಈಗ ಹೇಳಿ, ಇದು ಬಗ್ಗೋ, ಅಲ್ವೋ?

ನೀವು ಬಗ್ ಅಂತೀರಿ. ಅದನ್ನು ಬರೆದ ಎಂಜಿನಿಯರ್ ಅಲ್ಲ ಅಂತಾನೆ. ನಾನೂ ಆ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತವನು, ಕೀಬೋರ್ಡ್ ರಿಪೇರಿಗೆ ಇಳಿಯುವ ಮುಂಚೆ. ಅವನ ಕಷ್ಟ ಗೊತ್ತು. ಮುಂದಿನ ಪ್ಯಾಟರ್ನ್ ಅನ್ನು ಮುಂಚೆಯೇ ಮೆಮೊರಿಗೆ ತಂದಿಟ್ಟು, ಎರಡನ್ನೂ ಒಟ್ಟಿಗೆ ನೋಡುತ್ತಾ ಓಡುವ ಹಾಗೆ ಮಾಡಬೇಕೆಂದರೆ ಸೀಕ್ವೆನ್ಸರ್‌ನ (ಯಾವ ಏಟು ಯಾವಾಗ ಅಂತ ನಡೆಸುವ ಭಾಗದ) ಅರ್ಧ ಕೋಡ್ ಬಿಚ್ಚಬೇಕು. ಬಿಚ್ಚಿದರೆ ಇನ್ನೆಲ್ಲೋ ಏನೋ ಮುರಿಯುತ್ತದೆ. ಅವನ ಲೆಕ್ಕದಲ್ಲಿ ಇದು ಹೊಸ ಫೀಚರ್. ನಿಮ್ಮ ಲೆಕ್ಕದಲ್ಲಿ, ಹೈಹ್ಯಾಟ್ ಬಾರಿಸುವ ಯಂತ್ರ ಹೈಹ್ಯಾಟ್ ಬಾರಿಸಬೇಕು ಅಷ್ಟೇ.

ಅಪ್‌ಡೇಟ್‌ಗೆ ಬಿಲ್ ಮಾಡುವ ಪದ್ಧತಿ ಬಂದರೆ ಈ ತೀರ್ಪು ಕೊಡುವವರು ಯಾರು? ಬಿಲ್ ಬರೆಯುವವನೇ ಅಲ್ವಾ? ಅಲ್ಲಿಗೆ ನಿಮ್ಮ ಗೆಳೆಯನ ಸಿಟ್ಟಿಗೆ ಅರ್ಥ ಬರುತ್ತದೆ. ಕೆಟ್ಟದ್ದನ್ನು ಸರಿಮಾಡಲು ದುಡ್ಡು ಸಿಗುತ್ತದೆ ಅಂತಾದರೆ, ಮೊದಲ ಸಲವೇ ಸರಿಯಾಗಿ ಮಾಡಿ ಕಳಿಸುವ ಆತುರ ಯಾರಿಗೂ ಇರಲ್ಲ. ಡಬ್ಬದ ಮೇಲೆ ಬರೆದದ್ದು, ಮ್ಯಾನುಯಲ್‌ನಲ್ಲಿ ಹೇಳಿದ್ದು ಕೆಲಸ ಮಾಡದಿದ್ದರೆ ಅದನ್ನು ಸರಿಮಾಡುವುದು ಪುಕ್ಕಟೆಯೇ ಆಗಬೇಕು, ಐದು ವರ್ಷ ಆದರೂ. ಇದರಲ್ಲಿ ನಾನು ಪೂರ್ತಿ ನಿಮ್ಮ ಗೆಳೆಯನ ಕಡೆ. ನಿಮ್ಮ ಯಂತ್ರದ ಮ್ಯಾನುಯಲ್ ತೆಗೆದು ನೋಡಿ. ಏಟನ್ನು ಮುಂಚೆ ಎಳೆಯಬಹುದು ಅಂತ ಹೇಳಿ, ಪ್ಯಾಟರ್ನ್ ಬದಲಾದಾಗ ಅದು ಬೀಳಲ್ಲ ಅಂತ ಎಲ್ಲೂ ಹೇಳದಿದ್ದರೆ, ನಾನಾಗಿದ್ದರೆ ಅದನ್ನು ಬಗ್ ಅಂತಲೇ ಕರೆಯುತ್ತಿದ್ದೆ.

ಹೊಸ ಫೀಚರ್ ವಿಷಯಕ್ಕೆ ಬಂದರೆ ಗೆಳೆಯ ತಪ್ಪು. ಅವರ ತಪ್ಪು ತುಂಬಾ ಜನ ಮಾಡುವಂಥದ್ದು. ಪುಕ್ಕಟೆ ಅಪ್‌ಡೇಟ್ ನಿಜವಾಗಿ ಪುಕ್ಕಟೆ ಅಂದುಕೊಂಡಿದ್ದಾರೆ.

ಅರ್ಟೂರಿಯಾದ ಮೈಕ್ರೋಫ್ರೀಕ್ ಅನ್ನೋ ಪುಟ್ಟ ಸಿಂಥ್ (ಸದ್ದನ್ನು ತಾನೇ ಹುಟ್ಟಿಸುವ ಎಲೆಕ್ಟ್ರಾನಿಕ್ ಕೀಬೋರ್ಡ್) ಉದಾಹರಣೆಗೆ ತಗೊಳ್ಳಿ. ಬಂದದ್ದು 2019ರಲ್ಲಿ. ಆಮೇಲೆ ವರ್ಷಗಟ್ಟಲೆ ಪುಕ್ಕಟೆ ಫರ್ಮ್‌ವೇರ್‌ಗಳು ಬಂದವು. ಮೊದಲು ಇಲ್ಲದ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದಿನ ತುಣುಕು) ನುಡಿಸುವ ಶಕ್ತಿ, ಆ ತುಣುಕನ್ನು ಪುಡಿಪುಡಿ ಮಾಡಿ ಹೊಸ ನಾದ ಕಟ್ಟುವ ಗ್ರ್ಯಾನ್ಯುಲರ್ ಎಂಜಿನ್ ಎಲ್ಲ ಸೇರಿಕೊಂಡವು. ಮೊದಲ ದಿನ ಕೊಂಡವನಿಗೆ ಅವೆಲ್ಲ ಬೋನಸ್. ಕಂಪನಿಗೆ? ಹಳೇ ಪೆಟ್ಟಿಗೆ ಮತ್ತೆ ಹೊಸದರ ಹಾಗೆ ಸುದ್ದಿಯಾಯಿತು. ಅಂಗಡಿಯಲ್ಲಿ ಕೂತಿದ್ದ ಸ್ಟಾಕ್‌ಗೆ ಹೊಸ ಗಿರಾಕಿ ಸಿಗಲು ಅಷ್ಟು ಸಾಕು. ರೋಲ್ಯಾಂಡ್‌ನ ಎಸ್‌ಪಿ-404 ಎಂಕೆ2 ಅನ್ನೋ ಸ್ಯಾಂಪಲ್ ನುಡಿಸುವ ಪೆಟ್ಟಿಗೆ ಬಂದದ್ದು 2021ರಲ್ಲಿ, ಅದಕ್ಕೂ ಇದೇ ರೀತಿ ದೊಡ್ಡ ದೊಡ್ಡ ಅಪ್‌ಡೇಟ್‌ಗಳು ಬಂದವು. ಟೀನೇಜ್ ಎಂಜಿನಿಯರಿಂಗ್ ಕಂಪನಿಯ ಓಪಿ-1 ಸಿಂಥ್ 2011ರಿಂದ ಹಾಗೇ ಬೆಳೆಯಿತು. ಅಂದರೆ ನಿಮಗೆ ಬಂದ ಅಪ್‌ಡೇಟ್‌ನ ಬಿಲ್ ಕಟ್ಟಿದ್ದು ನಾಳೆ ಬರುವ ಗಿರಾಕಿ. ಆ ಗಿರಾಕಿ ಬರುವುದು ನಿಂತ ದಿನ ಅಪ್‌ಡೇಟೂ ನಿಲ್ಲುತ್ತದೆ. ನಿಮ್ಮ ಪೆಟ್ಟಿಗೆಗೆ ಆಗಿರುವುದು ಬಹುಶಃ ಅದೇ. ಮಾರಾಟ ಇಳಿದಿರುತ್ತದೆ, ಎಂಜಿನಿಯರ್‌ಗಳನ್ನು ಮುಂದಿನ ಮಾಡೆಲ್‌ಗೆ ಹಾಕಿರುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನೋ ಗಾದೆ ನೆನಪಾಗುತ್ತದೆ, ಇಲ್ಲಿ ಹೊಳೆ ದಾಟಿದವನು ಅಂಬಿಗನೇ.

ಹಾಗಾದರೆ ನಿಮ್ಮಂಥವರು ದುಡ್ಡು ಕೊಟ್ಟರೆ ಸಾಕಾ? ಒಂದು ಅಂದಾಜು ಮಾಡೋಣ. ಒಂದು ಮಾಡೆಲ್ 10,000 ಮಾರಾಟವಾಗಿದೆ ಅಂದುಕೊಳ್ಳಿ. ಅದರಲ್ಲಿ ಐದಕ್ಕೆ ಒಬ್ಬರು 2,000 ರೂಪಾಯಿ ಕೊಟ್ಟರು. 40 ಲಕ್ಷ ಆಯಿತು. ನೀವು ಐಟಿಯವರು, 40 ಲಕ್ಷಕ್ಕೆ ಎಷ್ಟು ಜನ ಒಳ್ಳೇ ಎಂಬೆಡೆಡ್ ಎಂಜಿನಿಯರ್‌ಗಳು ಒಂದು ವರ್ಷ ಕೂರುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ಒಬ್ಬರು, ಬಹಳ ಅಂದರೆ ಇಬ್ಬರು. ಟೆಸ್ಟಿಂಗ್ ಬೇರೆ. ಪ್ರತಿ ವರ್ಷ ಅಷ್ಟೇ ಜನ ಕೊಡುತ್ತಾರೆ ಅನ್ನೋ ನಂಬಿಕೆಯೂ ಇಲ್ಲ. ಆದರೂ ಒಂದು ದೊಡ್ಡ ಅಪ್‌ಡೇಟ್‌ಗೆ ಇದು ಸಾಕಾಗಬಹುದು. ಅದಕ್ಕೇ ನನಗೆ ಒಂದು ಸಲ ಕೊಟ್ಟು ಮುಗಿಸುವ ಲೆಕ್ಕ ಒಪ್ಪಿಗೆ, ವರ್ಷಕ್ಕಿಷ್ಟು ಅನ್ನೋದು ಒಪ್ಪಿಗೆ ಇಲ್ಲ. ನೀವು ಕೊಡ್ತೀನಿ ಅಂದದ್ದು ವರ್ಷದ ಬಾಡಿಗೆ. ಬಾಡಿಗೆ ನಿಂತ ದಿನ ಏನಾಗುತ್ತದೆ ಅಂತ ಯೋಚಿಸಿದ್ದೀರಾ? ಮನೆಯಲ್ಲಿರುವ ಮೃದಂಗ, ತಿಂಗಳ ಕೊನೆಗೆ ಎಡಗಡೆ ತೊಪ್ಪಿ ಲಾಕ್ ಆಗಿದೆ ಅಂದರೆ ಹೇಗಿರುತ್ತದೆ!

ಇದು ಸಂಗೀತದವರ ಕಥೆ ಮಾತ್ರ ಅಲ್ಲ. 2008ರ ಜನವರಿಯಲ್ಲಿ ಆಪಲ್ ಐಪಾಡ್ ಟಚ್ ಇಟ್ಟುಕೊಂಡವರಿಗೆ ಮೇಲ್, ಮ್ಯಾಪ್ಸ್ ಥರದ ಐದು ಆ್ಯಪ್‌ಗಳ ಅಪ್‌ಡೇಟ್‌ಗೆ 20 ಡಾಲರ್ ಕೇಳಿತು. ಜನ ಬೈದರು. ಕಾರಣ ಮಾತ್ರ ವಿಚಿತ್ರವಾಗಿತ್ತು. ಅಮೆರಿಕದ ಲೆಕ್ಕಪತ್ರದ ನಿಯಮ. ಐಫೋನ್ ಮಾರಿದ ಹಣವನ್ನು ಆಪಲ್ ಎರಡು ವರ್ಷಕ್ಕೆ ಹಂಚಿ ಬರೆಯುತ್ತಿತ್ತು, ಹಾಗಾಗಿ ಫೀಚರ್ ಪುಕ್ಕಟೆ ಕೊಡಬಹುದಿತ್ತು. ಐಪಾಡ್ ಹಣವನ್ನು ಮಾರಿದ ದಿನವೇ ಪೂರ್ತಿ ಬರೆಯುತ್ತಿತ್ತು. ಪೂರ್ತಿ ಬರೆದ ಮೇಲೆ ಹೊಸ ಫೀಚರ್ ಸುಮ್ನೆ ಕೊಟ್ಟರೆ, ಮೊದಲು ಕೊಟ್ಟ ವಸ್ತು ಅರೆಬರೆಯಾಗಿತ್ತು ಅಂತ ಅರ್ಥವಾಗುತ್ತಿತ್ತು. 2009ರಲ್ಲಿ ಆ ನಿಯಮ ಬದಲಾಯಿತು, 2010ರಲ್ಲಿ ಐಓಎಸ್ 4 ಐಪಾಡ್ ಟಚ್‌ಗೂ ಪುಕ್ಕಟೆ ಬಂತು. ಕ್ಯಾಮೆರಾದವರಲ್ಲೂ ಇದೆ. ಪ್ಯಾನಸಾನಿಕ್ ಜಿಎಚ್4ಗೆ ವಿ-ಲಾಗ್ ಅನ್ನೋ ವಿಡಿಯೊ ಸೌಲಭ್ಯವನ್ನು 2015ರಲ್ಲಿ 99 ಡಾಲರ್‌ಗೆ ಮಾರಿತು. ಬೇಕಾದವರು ಕೊಂಡರು, ಬೇಡದವರ ಕ್ಯಾಮೆರಾ ಮೊದಲಿನ ಹಾಗೇ ಇತ್ತು.

ಸಂಗೀತದ ಪೆಟ್ಟಿಗೆಗಳಲ್ಲೂ ಈ ಬೇಕಾದವರು ಕೊಳ್ಳಿ ಅನ್ನೋ ದಾರಿ ಹಳೇದೇ. ಈವೆಂಟೈಡ್‌ನ ಎಚ್9 ಎಫೆಕ್ಟ್ ಪೆಡಲ್‌ಗೆ ಅಲ್ಗಾರಿದಮ್‌ಗಳನ್ನು, ಅಂದರೆ ಸದ್ದು ಬದಲಿಸುವ ಹೊಸ ಬಗೆಗಳನ್ನು, ಒಂದೊಂದಾಗಿ ಕೊಳ್ಳಬಹುದಿತ್ತು. ರೋಲ್ಯಾಂಡ್ ತನ್ನ ಹಳೇ ಜುಪಿಟರ್-8, ಜೂನೋ-106 ನಾದಗಳನ್ನು ಹೊಸ ಕೀಬೋರ್ಡ್‌ಗಳಿಗೆ ಮಾಡೆಲ್ ಎಕ್ಸ್‌ಪ್ಯಾನ್ಶನ್ ಅಂತ ಮಾರುತ್ತದೆ. ಅಕಾಯ್ ಮಾಡಿದ್ದು ನನಗೆ ಹೆಚ್ಚು ಇಷ್ಟ. 2017ರ ಎಂಪಿಸಿ ಲೈವ್ ಅನ್ನೋ ಗ್ರೂವ್‌ಬಾಕ್ಸ್‌ಗೂ ಎಂಪಿಸಿ 3 ಫರ್ಮ್‌ವೇರ್ ಪುಕ್ಕಟೆ ಕೊಟ್ಟರು, ಅದರ ಮೇಲೆ ಸೇರಿಸಿಕೊಳ್ಳುವ ವಾದ್ಯಗಳ ಪ್ಲಗಿನ್‌ಗಳಿಗೆ ದುಡ್ಡು ಕೇಳಿದರು. ಅಡಿಪಾಯ ಎಲ್ಲರಿಗೂ ಒಂದೇ, ಮೇಲಿನದ್ದು ಅವರವರ ಇಷ್ಟ. ಇದಕ್ಕೆ ಒಂದು ಕಾರಣವೂ ಇದೆ. ಫರ್ಮ್‌ವೇರ್‌ಗೇ ದುಡ್ಡು ಅಂದಾಗ ಅರ್ಧ ಜನ ಹಳೇ ವರ್ಷನ್ 1.8ರಲ್ಲಿ, ಅರ್ಧ ಜನ ಹೊಸ 2.0ರಲ್ಲಿ ನಿಲ್ಲುತ್ತಾರೆ. ನನ್ನ ಪ್ರಾಜೆಕ್ಟ್ ನಿಮ್ಮ ಪೆಟ್ಟಿಗೆಯಲ್ಲಿ ತೆರೆಯಲ್ಲ. ಕಂಪನಿಯೂ ಪ್ರತಿ ದೂರನ್ನು ಎರಡೆರಡು ಕಡೆ ಪರೀಕ್ಷೆ ಮಾಡಬೇಕು.

ಒಂದು ಎಚ್ಚರಿಕೆ. ದುಡ್ಡು ಕೊಟ್ಟು ತಗೊಂಡದ್ದು ಯಂತ್ರಕ್ಕೆ ಅಂಟಿರಬೇಕು, ನಿಮ್ಮ ಅಕೌಂಟ್‌ಗಲ್ಲ. ನಾನೇ ಒಮ್ಮೆ ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಒಂದನ್ನು, ಅದರಲ್ಲಿರುವ ಕೊಂಡ ಸದ್ದುಗಳಿಗೆ ಅಂತಲೇ ನಾಲ್ಕು ಸಾವಿರ ಜಾಸ್ತಿ ಕೊಟ್ಟು ತಂದೆ. ಮನೆಗೆ ಬಂದು ಫ್ಯಾಕ್ಟರಿ ರೀಸೆಟ್ ಮಾಡಿದೆ. ಸದ್ದುಗಳು ಮಾಯ. ಅವು ಹಳೇ ಯಜಮಾನರ ಲಾಗಿನ್‌ಗೆ ಸೇರಿದ್ದು, ವರ್ಗಾಯಿಸಲು ಬರಲ್ಲ ಅಂತ ಉತ್ತರ ಬಂತು. ಹಳೇ ಯಜಮಾನರು ಅಷ್ಟೊತ್ತಿಗೆ ಕೆನಡಾ ಸೇರಿದ್ದರು. ಬೆಂಗಳೂರಿನಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಎಷ್ಟೋ ಎರಡನೇ, ಮೂರನೇ ಕೈಗೆ ಬಂದವು. ಹಾಗಾಗಿ ಇದು ನಮಗೆ ಸಣ್ಣ ವಿಷಯ ಅಲ್ಲ.

ಇನ್ನೊಂದು ಮಾತು. ಅಪ್‌ಡೇಟ್ ಬಂದದ್ದೆಲ್ಲ ಒಳ್ಳೇದು ಅನ್ನೋದನ್ನು ನಾನು ಒಪ್ಪಲ್ಲ. ಫರ್ಮ್‌ವೇರ್ ಎಷ್ಟು ಬಂದರೂ ಪೆಟ್ಟಿಗೆಯ ಮೇಲೆ ಒಂದು ಗುಂಡಿಯೂ ಹೆಚ್ಚಾಗಲ್ಲ. ಹೊಸ ಫೀಚರ್‌ಗಳೆಲ್ಲ ಶಿಫ್ಟ್ ಒತ್ತಿ ಹಿಡಿದು, ಇನ್ನೊಂದು ಒತ್ತಿ, ಮೂರನೆಯದನ್ನು ತಿರುಗಿಸು ಅನ್ನೋ ಸರ್ಕಸ್ಸಿನೊಳಗೆ ಅಡಗುತ್ತವೆ. ಗಣೇಶೋತ್ಸವ, ರಾಜ್ಯೋತ್ಸವದ ಸೀಸನ್‌ನಲ್ಲಿ ಆರ್ಕೆಸ್ಟ್ರಾ ನುಡಿಸುವ ಕೀಬೋರ್ಡ್‌ನವರು ನನ್ನ ಹತ್ತಿರ ಬರುತ್ತಾರೆ. ಅವರಿಗೆ ಹೊಸ ಫೀಚರ್ ಬೇಡವೇ ಬೇಡ. ನಿನ್ನೆ ಎಲ್ಲಿ ಬೆರಳಿಟ್ಟೆನೋ ಅಲ್ಲೇ ಇವತ್ತೂ ಶೆಹನಾಯಿ ಬರಬೇಕು, ಸಾರ್ ಅಂತಾರೆ. ಒಬ್ಬರು ತಮ್ಮ ಕೀಬೋರ್ಡ್‌ಗೆ ಅಪ್‌ಡೇಟ್ ಹಾಕಬೇಡಿ ಅಂತ ಚೀಟಿ ಬರೆದು ಅಂಟಿಸಿಕೊಂಡು ಬಂದಿದ್ದರು. ರಿಪೇರಿಗೆ ಕೊಟ್ಟಾಗ ನನ್ನಂಥವರು ಕೈಚಳಕ ತೋರಿಸಿಬಿಡುತ್ತೇವೆ ಅನ್ನೋ ಭಯ.

ಭಯಕ್ಕೆ ಕಾರಣವೂ ಇದೆ. ಹಿಂದೆ ಫರ್ಮ್‌ವೇರ್ ಅಂದರೆ ಕೈಯಲ್ಲಿ ಹಿಡಿಯುವ ವಸ್ತು. 1983ರ ಯಮಹಾ ಡಿಎಕ್ಸ್7 ಬಿಚ್ಚಿದರೆ ಒಳಗೆ ಅದು ರೋಮ್ (ROM) ಚಿಪ್‌ಗಳಲ್ಲಿ ಕೂತಿರುತ್ತದೆ. ಹೊಸ ವರ್ಷನ್ ಬೇಕೆಂದರೆ ಚಿಪ್ಪನ್ನೇ ಕಿತ್ತು ಹೊಸದು ಹಾಕಬೇಕು. ಆ ಕಾಲದ ಎಷ್ಟೋ ಪೆಟ್ಟಿಗೆಗಳಲ್ಲಿ ಚಿಪ್ಪಿನ ತಲೆ ಮೇಲೆ ಗಾಜಿನ ಕಿಟಕಿ, ಕಿಟಕಿಗೆ ಸ್ಟಿಕ್ಕರ್. ಸ್ಟಿಕ್ಕರ್ ಕಿತ್ತು ಅಲ್ಟ್ರಾವಯಲೆಟ್ ಬೆಳಕು ಹಾಯಿಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅಂದಿನ ಕಾಲಕ್ಕೇ ದುಡ್ಡು ಕೊಟ್ಟು ಅಪ್‌ಗ್ರೇಡ್ ಮಾಡಿಸುವುದು ಇತ್ತು. ಗ್ರೇ ಮ್ಯಾಟರ್ ರೆಸ್ಪಾನ್ಸ್ ಅನ್ನೋ ಬೇರೆಯೇ ಕಂಪನಿ ಡಿಎಕ್ಸ್7 ಒಳಗೆ ಕೂರಿಸುವ ಬೋರ್ಡ್ ಮಾರುತ್ತಿತ್ತು. ಯಾರೂ ಸುಲಿಗೆ ಅನ್ನಲಿಲ್ಲ, ಕೈಗೊಂದು ವಸ್ತು ಬರುತ್ತಿತ್ತಲ್ಲ.

ಆಮೇಲೆ ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಮಾತಾಡಿಸುವ ಮಿಡಿ ಕೇಬಲ್‌ನಲ್ಲೇ ಫರ್ಮ್‌ವೇರ್ ಕಳಿಸುವ ಕಾಲ ಬಂತು. ಮಿಡಿ ಸೆಕೆಂಡಿಗೆ 31,250 ಬಿಟ್ ಸಾಗಿಸುತ್ತದೆ. ಒಂದು ಬೈಟ್‌ಗೆ 10 ಬಿಟ್ ಹಿಡಿದರೆ 3,125 ಬೈಟ್. ಅದರಲ್ಲೂ ಪ್ರತಿ ಬೈಟ್‌ನಲ್ಲಿ 7 ಬಿಟ್ ಮಾತ್ರ ನಿಮ್ಮದು. 5 ಲಕ್ಷ ಬೈಟ್‌ನ ಫರ್ಮ್‌ವೇರ್‌ಗೆ ಮೂರು ನಿಮಿಷ ದಾಟುತ್ತದೆ, ಯಂತ್ರ ಅದನ್ನು ಬರೆದುಕೊಳ್ಳುವ ಹೊತ್ತು ಬೇರೆ. ಒಂದು ಮೇ ತಿಂಗಳ ಸಂಜೆ ಹೀಗೇ ಒಂದು ಹಳೇ ಸಿಂಥ್‌ಗೆ ಅಪ್‌ಡೇಟ್ ಕಳಿಸುತ್ತಾ ಕೂತಿದ್ದೆ. ಪರದೆಯ ಮೇಲೆ 63 ಅಂತ ಬಂತು. ಹೊರಗೆ ಗುಡುಗು, ಒಂದು ದೊಡ್ಡ ಹನಿ, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಆರಾಮಾಗಿ ಬೈಟ್ ಕಳಿಸುತ್ತಲೇ ಇತ್ತು. ಆ ಕಡೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಕರೆಂಟ್ ಬಂದ ಮೇಲೆ ಆನ್ ಮಾಡಿದರೆ ಬರೀ ಹಿಂಬದಿ ಬೆಳಕು, ಅಕ್ಷರ ಇಲ್ಲ. ಅದೃಷ್ಟಕ್ಕೆ ಅದರ ಬೂಟ್‌ಲೋಡರ್ (ಆನ್ ಆದಾಗ ಮೊದಲು ಓಡಿ ಫರ್ಮ್‌ವೇರ್ ಎಬ್ಬಿಸುವ ಪುಟ್ಟ ಕೋಡ್) ಬೇರೆ ಜಾಗದಲ್ಲಿತ್ತು. ಎರಡು ಗುಂಡಿ ಒತ್ತಿ ಹಿಡಿದು ಆನ್ ಮಾಡಿದಾಗ ಮತ್ತೆ ಕಳಿಸು ಅಂತ ಕೇಳಿತು. ಬೂಟ್‌ಲೋಡರ್ ಹಾಗೆ ಬೇರೆ ಇಡದ ಪೆಟ್ಟಿಗೆಯಾಗಿದ್ದರೆ ಅದು ಅಲ್ಲಿಗೆ ಇಟ್ಟಿಗೆ. ಅಂದಿನಿಂದ ಯುಪಿಎಸ್ ಇಲ್ಲದೆ ನಾನು ಯಾವ ಅಪ್‌ಡೇಟನ್ನೂ ಮುಟ್ಟಲ್ಲ. ನೀವೂ ಮುಟ್ಟಬೇಡಿ, ಕಾರ್ಯಕ್ರಮದ ಹಿಂದಿನ ದಿನವಂತೂ ಬೇಡವೇ ಬೇಡ.

ಅಪ್‌ಡೇಟೇ ಬೇಡದ ಪೆಟ್ಟಿಗೆಗಳೂ ಇವೆ ಅನ್ನೋದು ನಮ್ಮೂರಿನವರಿಗೆ ಗೊತ್ತಿರಬೇಕು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದು ಇದೇ ಬೆಂಗಳೂರಿನಲ್ಲಿ, ರಾಡೆಲ್ ಹೆಸರಿನಲ್ಲಿ. ಎಲೆಕ್ಟ್ರಾನಿಕ್ ವಾದ್ಯ ಅಂದಾಗ ನಮಗೆ ಸ್ವೀಡನ್, ಜಪಾನ್ ನೆನಪಾಗುತ್ತವೆ, ಇದು ಮರೆತುಹೋಗುತ್ತದೆ. ಕಳೆದ ತಿಂಗಳು ಬಸವನಗುಡಿಯ ಸಂಗೀತದ ಮೇಷ್ಟ್ರೊಬ್ಬರು ಹಳೇ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಂದರು. ಶ್ರುತಿ ತಿರುಗಿಸುವಾಗ ಕರಕರ ಅನ್ನುತ್ತಿತ್ತು. ಪೊಟೆನ್ಷಿಯೋಮೀಟರ್‌ನೊಳಗೆ ದೂಳು. ಎಸ್‌.ಪಿ. ರೋಡಿನಿಂದ ತಂದ ಕಾಂಟ್ಯಾಕ್ಟ್ ಕ್ಲೀನರ್ ಎರಡು ಸಲ ಚುಮುಕಿಸಿ, ಹತ್ತು ಸಲ ಆಚೀಚೆ ತಿರುಗಿಸಿದೆ. ಸರಿಹೋಯಿತು. ಇಪ್ಪತ್ತೈದು ವರ್ಷದಿಂದ ದಿನಾ ಬೆಳಗ್ಗೆ ಅದೇ ಸಾ-ಪಾ ಹಿಡಿದು ನಿಂತಿರುವ ಪೆಟ್ಟಿಗೆ. ಅದಕ್ಕೆ 2.0 ಬೇಕು ಅಂತ ಮೇಷ್ಟ್ರಿಗೆ ಒಮ್ಮೆಯೂ ಅನ್ನಿಸಿಲ್ಲ.

ಈ ಪುಕ್ಕಟೆಯೋ ದುಡ್ಡೋ ಅನ್ನೋದಕ್ಕಿಂತ ನನಗೆ ಮುಖ್ಯ ಅನ್ನಿಸುವ ಪ್ರಶ್ನೆ ಬೇರೆ. ಕಂಪನಿ ಕೈಬಿಟ್ಟ ದಿನ ಏನಾಗುತ್ತದೆ? ನ್ಯೂಜಿಲೆಂಡಿನ ಸಿಂಥ್‌ಸ್ಟ್ರಾಮ್ ಆಡಿಬಲ್ ಅನ್ನೋ ಪುಟ್ಟ ಕಂಪನಿ ಡೆಲ್ಯೂಜ್ ಅನ್ನೋ ಗ್ರೂವ್‌ಬಾಕ್ಸ್ ಮಾಡುತ್ತದೆ. 2023ರಲ್ಲಿ ಅವರು ಅದರ ಫರ್ಮ್‌ವೇರ್ ಕೋಡನ್ನೇ ಎಲ್ಲರಿಗೂ ತೆರೆದಿಟ್ಟರು. ಈಗ ಬಳಸುವವರೇ ಸೇರಿ ಅದನ್ನು ಬೆಳೆಸುತ್ತಿದ್ದಾರೆ. ಕೋಡ್ ತೆರೆಯದಿದ್ದರೂ ಹಟ ಹಿಡಿದವರು ಬಿಡಲ್ಲ. 1980ರ ದಶಕದ ಶುರುವಿನ ಪ್ರಾಫೆಟ್-600 ಸಿಂಥ್‌ಗೆ ಗ್ಲಿಗ್ಲಿ ಅನ್ನೋ ಹೆಸರಿನ ಹವ್ಯಾಸಿಯೊಬ್ಬರು, ಸುಮಾರು 30 ವರ್ಷದ ಮೇಲೆ, ಅದರ ಜೆಡ್80 ಪ್ರೊಸೆಸರ್ ಕಿತ್ತು ಟೀನ್ಸಿ ಅನ್ನೋ ಪುಟ್ಟ ಬೋರ್ಡ್ ಕೂರಿಸಿ, ಹೊಸ ಫರ್ಮ್‌ವೇರ್ ಬರೆದು ಸುಮ್ನೆ ಹಂಚಿದರು. ಕಂಪನಿಯೇ ಕೊಡದಿದ್ದ ಚುರುಕು ಅದಕ್ಕೆ ಬಂತು. ಅದು ಒಬ್ಬರ ಹುಚ್ಚು. ಎಲ್ಲ ಪೆಟ್ಟಿಗೆಗೂ ಅಂಥ ಹುಚ್ಚರು ಸಿಗಲ್ಲ.

ಕಾನೂನಿನ ಆಸರೆ ಕಡಿಮೆ. ಯುರೋಪಿನಲ್ಲಿ 2024ರ ಕೊನೆಗೆ ಜಾರಿಗೆ ಬಂದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಪುಕ್ಕಟೆ ಕೊಡಬೇಕು ಅನ್ನುತ್ತದೆ. ಅದರ ಮುಖ್ಯ ನಿಯಮಗಳು 2027ರ ಡಿಸೆಂಬರ್‌ನಿಂದ. ಆದರೆ ನಿಮ್ಮ ಹೈಹ್ಯಾಟ್ ಸೆಕ್ಯುರಿಟಿ ಅಲ್ಲವಲ್ಲ! ನಮ್ಮಲ್ಲಿ 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದರ ಗಮನ ಇದ್ದದ್ದು ಫೋನು, ಕಾರು, ಟ್ರ್ಯಾಕ್ಟರ್‌ಗಳ ಮೇಲೆ.

ನಿಮಗೆ ನನ್ನ ಸಲಹೆ. ಈಗಿರುವ ಫರ್ಮ್‌ವೇರ್ ಫೈಲನ್ನು, ಅದರ ಹಿಂದಿನದನ್ನೂ, ಇವತ್ತೇ ಇಳಿಸಿ ಎರಡು ಕಡೆ ಇಟ್ಟುಕೊಳ್ಳಿ. ಕಂಪನಿಯ ಡೌನ್‌ಲೋಡ್ ಪುಟ ಯಾವತ್ತು ಮುಚ್ಚುತ್ತದೋ ಹೇಳಕ್ಕಾಗಲ್ಲ. ಕಂಪನಿಗೆ ಒಂದು ಮೇಲ್ ಹಾಕಿ. ಹೈಹ್ಯಾಟ್ ಬರಲ್ಲ ಅಂತ ಬರೆದರೆ ಯಾರೂ ನೋಡಲ್ಲ. ಖಾಲಿ ಪ್ರಾಜೆಕ್ಟ್‌ನಲ್ಲಿ ಎರಡೇ ಪ್ಯಾಟರ್ನ್, ಒಂದೇ ಟ್ರ್ಯಾಕ್ ಮಾಡಿ, ಟೆಂಪೋ, ಎಷ್ಟು ಮುಂಚೆ ಎಳೆದಿದ್ದೀರಿ, ಯಾವ ವರ್ಷನ್ ಅಂತ ಬರೆದು ಪ್ರಾಜೆಕ್ಟ್ ಫೈಲ್ ಜೊತೆಗೆ ಕಳಿಸಿ. ಆ ಕುರ್ಚಿಯಲ್ಲಿ ಕೂತಾಗ ನಾನು ಮೊದಲು ಕೈಗೆತ್ತಿಕೊಳ್ಳುತ್ತಿದ್ದದ್ದು ಅಂಥ ಮೇಲ್‌ಗಳನ್ನೇ. ಮುಂದಿನ ಪೆಟ್ಟಿಗೆ ಕೊಳ್ಳುವಾಗ ಮುಂದೆ ಬರಲಿದೆ ಅಂತ ಹೇಳಿದ ಫೀಚರ್‌ಗೆ ಒಂದು ರೂಪಾಯಿಯೂ ಲೆಕ್ಕ ಹಾಕಬೇಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಅದು.

ಅಲ್ಲಿಯವರೆಗೆ ಹೈಹ್ಯಾಟ್‌ಗೆ ಒಂದು ಉಪಾಯ. ಹಿಂದಿನ ಪ್ಯಾಟರ್ನ್‌ನ 16ನೇ ಸ್ಟೆಪ್‌ನಲ್ಲಿ ಒಂದು ಹೈಹ್ಯಾಟ್ ಇಡಿ. ಅದನ್ನು ತಡದ ಕಡೆಗೆ ಆದಷ್ಟು ತಳ್ಳಿ, 105 ಮಿಲಿಸೆಕೆಂಡ್‌ನಷ್ಟು. ಕಿವಿಗೆ ಅದು ಹೊಸ ಪ್ಯಾಟರ್ನ್‌ಗೆ 20 ಮಿಲಿಸೆಕೆಂಡ್ ಮುಂಚೆ ಬಿದ್ದ ಏಟೇ. ನಿಮ್ಮ ಯಂತ್ರ ಅರ್ಧ ಸ್ಟೆಪ್‌ಗಿಂತ ಹೆಚ್ಚು ತಳ್ಳಲು ಬಿಡದಿದ್ದರೆ ಲೆಕ್ಕ ತಿರುಗಿಸಿ. ಹೈಹ್ಯಾಟನ್ನು ಒಂದನೇ ಸ್ಟೆಪ್‌ನ ಮೇಲೇ ಕೂರಿಸಿ, ಕಿಕ್, ಸ್ನೇರ್, ಬಾಸ್ ಎಲ್ಲವನ್ನೂ 20 ಮಿಲಿಸೆಕೆಂಡ್ ತಡಮಾಡಿ. ಒಬ್ಬರೇ ನುಡಿಸುವಾಗ ಯಾರಿಗೂ ಗೊತ್ತಾಗಲ್ಲ. ಬೇರೆ ಯಂತ್ರದ ಜೊತೆ ಸಿಂಕ್ ಮಾಡಿದ್ದರೆ ಮಾತ್ರ ಆ ಯಂತ್ರವನ್ನೂ ಅಷ್ಟೇ ತಡಮಾಡಬೇಕು.